ಚೌತಿಯ ಕಾಗದದಿಂದ ನಾನು ತೆಗೆದ ನಾಲ್ಕು ಸಾಲು

ಟಕ್, ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಕೆಳಗಿನ ಮನೆಯ ದಾಸ್‌ಬಾಬು ಊರುಗೋಲಿನ ತುದಿಯಿಂದ ತಮ್ಮ ಮನೆಯ ಸೀಲಿಂಗಿಗೆ, ಎಂದರೆ ನನ್ನ ಮನೆಯ ನೆಲಕ್ಕೆ, ಕುಟ್ಟುತ್ತಿದ್ದ ಸದ್ದು. ಆ ಚಳಿಗಾಲ ಅಂದರೆ ನನಗೆ ಮೊದಲು ಕೇಳಿಸುವುದು ಅದೇ. ಕುಟ್ಟಿದಾಗ ನಾನು ನಿಲ್ಲುತ್ತಿದ್ದೆ. ‘ಸಾರಿ ದಾಸ್‌ಬಾಬು’ ಎಂದು ಕೆಂಪು ಸಿಮೆಂಟಿನ ನೆಲಕ್ಕೆ ಹೇಳುತ್ತಿದ್ದೆ. ಆಮೇಲೆ ಕಾಲುಗಳು ತಾವಾಗಿಯೇ ಹೊರಡುತ್ತಿದ್ದವು. ಬಾಲ್ಕನಿಯಿಂದ ಅಡುಗೆಮನೆ, ಅಡುಗೆಮನೆಯಿಂದ ಮಲಗುವ ಕೋಣೆ, ಅಲ್ಲಿಂದ ತಿರುಗಿ ಬಾಲ್ಕನಿ. ಬೆಳಿಗ್ಗೆ ಎದ್ದಾಗಿನಿಂದ ದೇವರ ದೀಪ ಹಚ್ಚುವವರೆಗೆ ಅದೇ ಕೆಲಸ. ಚಪ್ಪಲಿ ಬಿಟ್ಟು ಸಾಕ್ಸ್ ಹಾಕಿ ನೋಡಿದೆ. ಹಿಮ್ಮಡಿಯ ಭಾರಕ್ಕೆ ಏನು ಮಾಡುವುದು?

ನನಗೆ ಆಗ ಎಪ್ಪತ್ತೊಂದು. ಮಂಗಳೂರಿನ ಕಾನ್ವೆಂಟಿನಲ್ಲಿ ಓದಿ, ಇಪ್ಪತ್ತೆರಡಕ್ಕೆ ಮದುವೆಯಾಗಿ ಕೋಲ್ಕತ್ತಕ್ಕೆ ಬಂದವಳು. ಗಂಡನ ಮನೆಯವರದು ಕಾಳಿಘಾಟ್ ಕಡೆಯ ಒಂದು ಗಲ್ಲಿಯ ತುದಿಯಲ್ಲಿ ಉಡುಪಿ ಊಟ-ತಿಂಡಿಯ ಹೋಟೆಲು. ನಾನು ಆ ಹೋಟೆಲಿನ ಅಡುಗೆಮನೆಗೆ ಕಾಲಿಡಲಿಲ್ಲ. ಪಾರ್ಕ್ ಸ್ಟ್ರೀಟಿನ ಒಂದು ಆಫೀಸಿನಲ್ಲಿ ಮೂವತ್ತು ವರ್ಷ ಸ್ಟೆನೋ ಆಗಿದ್ದೆ. ಶಾರ್ಟ್‌ಹ್ಯಾಂಡ್, ಟೈಪಿಂಗ್, ಪ್ರಾಪರ್ ಇಂಗ್ಲಿಷ್. ಬಂಗಾಳಿ ಮಾತ್ರ ಇಷ್ಟು ವರ್ಷದಲ್ಲಿ ಬಸ್ ಕಂಡಕ್ಟರನಿಗೆ ಸ್ಟಾಪ್ ಹೇಳುವಷ್ಟೇ ಬಂತು. ಹೋಟೆಲನ್ನು ನಡೆಸಿದವರು ನನ್ನ ಗಂಡ ಮತ್ತು ಅವರ ಅಕ್ಕ ರುಕ್ಮಿಣಿ ಅತ್ತಿಗೆ. ಅತ್ತಿಗೆ ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವರು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತಮ್ಮನ ಜೊತೆ ಈ ಊರಿಗೆ ಬಂದವರು. ತರಕಾರಿಯವನ ಹತ್ತಿರ ಅವರು ಬಂಗಾಳಿಯಲ್ಲಿ ಜಗಳಕ್ಕೆ ನಿಂತರೆ ಪಕ್ಕದ ಅಂಗಡಿಯವರು ವ್ಯಾಪಾರ ಬಿಟ್ಟು ಕೇಳುತ್ತಿದ್ದರು. ನನ್ನನ್ನು ಅವರು ಹಿಂದಿನಿಂದ ‘ಇಂಗ್ಲಿಷ್ ರಾಣಿ’ ಅನ್ನುತ್ತಿದ್ದರು. ಎದುರಿಗೂ ಅನ್ನುತ್ತಿದ್ದರು.

ನನ್ನ ಗಂಡ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ಅದು ಕಾರಣ ಎಂದು ಎಲ್ಲರೂ ಆಮೇಲೆ ಹೇಳಿದರು. ಅಲ್ಲ. ಆ ದುಃಖ ನನಗೆ ಪರಿಚಯದ್ದು, ಅದರ ಜೊತೆ ಕೂತು ಕಾಫಿ ಕುಡಿಯಬಹುದಿತ್ತು. ಇದು ಬೇರೆ. ದುರ್ಗಾಪೂಜೆ ಮುಗಿದು, ಗಲ್ಲಿಯ ಪೆಂಡಾಲಿನ ಬಿದಿರು ಬಿಚ್ಚುತ್ತಿದ್ದ ವಾರ ಒಂದು ಬೆಳಿಗ್ಗೆ ಎದ್ದೆ, ಕಾಫಿಗೆ ವಾಸನೆ ಇರಲಿಲ್ಲ. ಮೂಗು ಕಟ್ಟಿದೆ ಅಂದುಕೊಂಡೆ. ಎರಡು ದಿನ ಬಿಟ್ಟು ಪೇಪರ್ ಓದಲು ಕೂತರೆ ಮೊದಲ ಪ್ಯಾರಾ ಮುಗಿಯುವ ಮುಂಚೆ ಎದ್ದು ನಿಂತಿದ್ದೆ. ಯಾಕೆ ಎದ್ದೆ ಅಂತ ಗೊತ್ತಿಲ್ಲ. ಒಳಗೆ ಯಾರೋ ‘ಹೊರಡು, ಹೊರಡು’ ಅನ್ನುತ್ತಿದ್ದ ಹಾಗೆ. ಎಲ್ಲಿಗೆ ಅಂತ ಹೇಳುತ್ತಿರಲಿಲ್ಲ.

ಮಗಳು ವೀಣಾ ಜೋಕಾದ ಕಡೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತಾಳೆ, ಮನೆಯೂ ಅಲ್ಲೇ. ನಾನು ಸಣ್ಣಗಾದದ್ದನ್ನು ನೋಡಿ ಫಿಸಿಶಿಯನ್ ಹತ್ತಿರ ಕರೆದುಕೊಂಡು ಹೋದಳು. ರಕ್ತ, ಥೈರಾಯ್ಡ್, ಇಸಿಜಿ, ಹೊಟ್ಟೆಯ ಸ್ಕ್ಯಾನ್. ರಿಪೋರ್ಟು ಬಂದ ದಿನ ಫೋನಿನಲ್ಲಿ ಅವಳ ದನಿ ಹಬ್ಬದ ಹಾಗಿತ್ತು.

“ಅಮ್ಮ, ಎವ್ರಿಥಿಂಗ್ ನಾರ್ಮಲ್! ಒಂದೂ ಪ್ರಾಬ್ಲಮ್ ಇಲ್ಲ. ಯು ಶುಡ್ ಬಿ ಹ್ಯಾಪಿ.”

“ಆಫ್ ಕೋರ್ಸ್, ಡಿಯರ್. ಥ್ಯಾಂಕ್ ಗಾಡ್,” ಅಂದೆ.

ಫೋನಿಟ್ಟು ಬಾಲ್ಕನಿಯಿಂದ ಅಡುಗೆಮನೆಗೆ ಹೊರಟೆ. ಕ್ಯಾನ್ಸರ್ ಅಂದಿದ್ದರೂ ನಾನು ಅಷ್ಟು ಹೆದರುತ್ತಿರಲಿಲ್ಲವೇನೋ. ಎಲ್ಲವೂ ನಾರ್ಮಲ್ ಆಗಿದ್ದು ಹೀಗಿದ್ದೇನೆ ಅಂದರೆ ಇನ್ನು ಮುಂದೆ ಹೀಗೇ ಅಂತಲ್ಲವೇ ಅರ್ಥ? ನಮ್ಮ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆಳಗಿನ ಅಸೆಂಬ್ಲಿಯಲ್ಲಿ ಹೇಳಿಕೊಟ್ಟದ್ದು ಒಂದೇ: ಹೇಗಿದ್ದೀರಿ ಅಂತ ಯಾರಾದರೂ ಕೇಳಿದರೆ ಚೆನ್ನಾಗಿದ್ದೇನೆ, ಥ್ಯಾಂಕ್ ಯು ಅನ್ನಬೇಕು. ಕೇಳಿದವರ ಮೇಲೆ ನಮ್ಮ ಭಾರ ಹಾಕಬಾರದು. ನಾನು ಆ ಪಾಠದಲ್ಲಿ ಸದಾ ಫಸ್ಟ್.

ಇಲ್ಲಿ ಒಂದು ವಿಷಯವನ್ನು ಹೇಳಬೇಕು. ರಿಟೈರ್ ಆದ ಮೇಲೆ ನಮ್ಮ ಕನ್ನಡ ಸಂಘದ ತಿಂಗಳ ವಾರ್ತಾಪತ್ರದಲ್ಲಿ ಕೊನೆಯ ಪುಟ ನನ್ನದು. ರಾಜ್ಯ ಸರ್ಕಾರದ ಆರೋಗ್ಯ ಮತ್ತು ಸಮಾಜ ಕಲ್ಯಾಣದ ಸುತ್ತೋಲೆಗಳು ಇಂಗ್ಲಿಷಿನಲ್ಲಿ ಬರುತ್ತವೆ. ಹೆಲ್ತ್ ಕಾರ್ಡ್ ಮಾಡಿಸುವುದು ಹೇಗೆ, ಕಣ್ಣಿನ ಶಿಬಿರ ಎಲ್ಲಿ, ಡೆಂಗ್ಯೂ ಬಂದರೆ ಯಾವ ಆಸ್ಪತ್ರೆ, ಹಿರಿಯರ ಪಿಂಚಣಿಯ ಫಾರಂ. ಅವನ್ನೆಲ್ಲ ಕನ್ನಡಕ್ಕೆ ತಂದು, ನಮ್ಮ ಹೋಟೆಲುಗಳಲ್ಲಿ, ಕೇಟರಿಂಗಿನಲ್ಲಿ ದುಡಿಯುವವರಿಗೆ ಅರ್ಥವಾಗುವ ಹಾಗೆ ಬರೆಯುವುದು ನನ್ನ ಕೆಲಸ. ನೀಟಾಗಿ ಮಾಡುತ್ತಿದ್ದೆ, ಹೆಮ್ಮೆಯೂ ಇತ್ತು.

ಆ ವರ್ಷ ಚೌತಿಯ ತಿಂಗಳಿನ ಸುತ್ತೋಲೆಯಲ್ಲಿ ಆತ್ಮಹತ್ಯೆ ತಡೆಯ ಬಗ್ಗೆ ಒಂದು ಭಾಗವಿತ್ತು. ಕನ್ನಡದಲ್ಲಿ ನಾಲ್ಕು ಸಾಲು ಬರೆದೆ. ಜೀವ ಬೇಡ ಅನ್ನಿಸಿದವರು, ಅಂಥವರ ಮನೆಯವರು, ಯಾವ ಹೊತ್ತಿಗಾದರೂ ಈ ನಂಬರಿಗೆ ಉಚಿತವಾಗಿ ಫೋನ್ ಮಾಡಬಹುದು, ಹೆಸರು ಹೇಳಬೇಕಾಗಿಲ್ಲ, ಸರ್ಕಾರಿ ಆಸ್ಪತ್ರೆಯ ಔಟ್‌ಡೋರಿನಲ್ಲಿ, ಎಂದರೆ ಹೊರರೋಗಿ ವಿಭಾಗದಲ್ಲಿ, ಮನಸ್ಸಿನ ಡಾಕ್ಟರು ಇರುತ್ತಾರೆ, ಅಂತ. ಪ್ರೆಸ್ಸಿಗೆ ಕೊಡುವ ಬೆಳಿಗ್ಗೆ ಇನ್ನೊಮ್ಮೆ ಓದಿದೆ. ಚೌತಿಯ ಸಂಚಿಕೆ ಎಂದರೆ ಅದೇ ಹಬ್ಬದ ಆಮಂತ್ರಣ. ಸಂಘದ ಹೆಂಗಸರು ಸಾಲಾಗಿ ಕೂತು ಪ್ರತಿ ಕಾಗದದ ನಾಲ್ಕು ಮೂಲೆಗೂ ಅರಸಿನ ಹಚ್ಚಿ ಮನೆಮನೆಗೆ ಕಳಿಸುತ್ತಾರೆ. ಜನ ಅದನ್ನು ದೇವರ ಮುಂದೆ ಇಡುತ್ತಾರೆ. ಅಂಥ ಕಾಗದದಲ್ಲಿ ಈ ಶಬ್ದವೇ? ಯಾರೂ ನನ್ನನ್ನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ನಾನೇ ಪೆನ್ಸಿಲಿನಿಂದ ಆ ನಾಲ್ಕು ಸಾಲಿಗೆ ಅಡ್ಡಗೆರೆ ಎಳೆದೆ. ಜಾಗ ಖಾಲಿ ಉಳಿದದ್ದಕ್ಕೆ ಪ್ರೆಸ್ಸಿನವನು ಒಂದು ಇಲಿಯ ಚಿತ್ರ ಹಾಕಿದ. ಮುದ್ದಾಗಿತ್ತು. ಸುತ್ತೋಲೆ ರದ್ದಿಗೆ ಹೋಯಿತು. ಮುಂದಿನ ತಿಂಗಳು ಹಾಕೋಣ ಅಂದುಕೊಂಡೆ, ಮುಂದಿನ ತಿಂಗಳು ನವರಾತ್ರಿ.

ಈಗ ಆ ಮಧ್ಯಾಹ್ನಕ್ಕೆ ಬರುತ್ತೇನೆ. ಬರೆಯುವಾಗಲೂ ಎರಡು ಸಲ ಎದ್ದು ಹೋಗಿ ಬಂದೆ.

ಡಿಸೆಂಬರಿನ ಕೊನೆ. ಬೆಳಿಗ್ಗೆಯಿಂದ ನನ್ನ ಕೈಗಳು ತುಂಬ ಚುರುಕಾಗಿದ್ದವು. ಬೀರುವಿನ ಸೀರೆಗಳನ್ನು ಮಡಿಸಿಟ್ಟೆ. ಬೀಗದ ಕೈಗಳಿಗೆಲ್ಲ ದಾರ ಕಟ್ಟಿ ಚೀಟಿ ಹಾಕಿದೆ. ಅಡುಗೆಮನೆಯ ಡಬ್ಬಿಗಳಿಗೆ ಒಂದೊಂದಾಗಿ ಬಿಳಿ ಕಾಗದ ಅಂಟಿಸಿ, ಸ್ಕೆಚ್ ಪೆನ್ನಿನಿಂದ ಇಂಗ್ಲಿಷಿನಲ್ಲಿ ಬರೆದೆ: ತೊಗರಿಬೇಳೆ, ಕಡ್ಲೆಬೇಳೆ, ಮೆಂತೆ, ಸಾರಿನ ಪುಡಿ. ಎಷ್ಟೋ ವಾರದ ನಂತರ ಮನಸ್ಸು ಶಾಂತವಾದ ಹಾಗಿತ್ತು. ಸಾರಿನ ಪುಡಿಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಗ ನಾನು ಏನು ಮಾಡುತ್ತಿದ್ದೇನೆ ಅಂತ ನನಗೆ ಹೊಳೆಯಿತು. ಹೊರಡುವವರು ಮನೆ ಒಪ್ಪ ಮಾಡುವ ಹಾಗೆ ಮಾಡುತ್ತಿದ್ದೆ.

ಡಬ್ಬಿ ಕೆಳಗಿಟ್ಟೆ. ಆ ಹೆದರಿಕೆಯನ್ನು ನಾನು ದೇವರ ದಯೆ ಅನ್ನುತ್ತೇನೆ. ಹೆದರಿಕೆ ಬಾರದೆ ಹೋಗಿದ್ದರೆ?

ನಂಬರ್ ಇದೆಯಲ್ಲ, ನಾನೇ ಬರೆದದ್ದು, ಅಂತ ನೆನಪಾಯಿತು. ವಾರ್ತಾಪತ್ರಗಳ ಬಾಕ್ಸ್ ಫೈಲ್ ತೆಗೆದು ನೆಲದ ಮೇಲೆ ಸುರಿದೆ. ಚೌತಿಯ ಸಂಚಿಕೆ ಸಿಕ್ಕಿತು. ಮೂಲೆಯ ಅರಸಿನ ಒಣಗಿ ಕಂದಾಗಿತ್ತು. ಕೊನೆಯ ಪುಟ ತೆಗೆದರೆ ಇಲಿ. ತಿರುಗಿಸಿದೆ, ಮತ್ತೆ ತಿರುಗಿಸಿದೆ. ಮೊಬೈಲಿನಲ್ಲಿ ಹುಡುಕಬಹುದಿತ್ತಲ್ಲ ಅಮ್ಮ ಅಂತ ವೀಣಾ ಆಮೇಲೆ ಕೇಳಿದಳು. ಆ ಮೊಬೈಲನ್ನು ಸೆಟ್ ಮಾಡಿಕೊಟ್ಟವಳು ಅವಳು. ನಾನು ಹುಡುಕಿದ್ದೆಲ್ಲ ಅವಳಿಗೆ ಕಾಣುತ್ತದೆ ಅಂತ ನನ್ನ ನಂಬಿಕೆ. ಅವಳಿಗೆ ಗೊತ್ತಾಗುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಆಗಲಿ ಅನ್ನಿಸುವಂಥ ಹೊತ್ತು ಅದು.

ಆಗ ಬಾಗಿಲು ತಟ್ಟಿದ ಸದ್ದು. ತೆಗೆದರೆ ರುಕ್ಮಿಣಿ ಅತ್ತಿಗೆ, ಒಂದು ಕೈಯಲ್ಲಿ ಟಿಫಿನ್ ಕ್ಯಾರಿಯರ್, ಇನ್ನೊಂದು ಕೈ ಮಂಡಿಯ ಮೇಲೆ. ಎರಡು ಮಹಡಿ ಹತ್ತಿ ಅವರು ನನ್ನ ಮನೆಗೆ ಬಂದು ವರ್ಷವಾಗಿತ್ತು.

“ದಾಸ್‌ಬಾಬು ಇಡ್ಲಿ ತಿನ್ಲಿಕ್ಕೆ ಬಂದವರು ನನ್ನ ತಲೆ ತಿಂದ್ರು,” ಅಂದರು ಏದುಸಿರಿನಲ್ಲಿ. “ದೀದಿ, ನಿಮ್ಮ ತಮ್ಮನ ಹೆಂಡತಿ ಮನೆಯೊಳಗೆ ಡಾರ್ಜಿಲಿಂಗ್ ಹತ್ತುತ್ತಿದ್ದಾಳೆ ಅಂತ. ಎಂತ ಮಾರಾಯ್ತಿ ಇದು? ನೆಲದ ತುಂಬ ಕಾಗದ!”

“ಒಂದು ನಂಬರ್ ಹುಡುಕ್ತಾ ಇದ್ದೆ ಅತ್ತಿಗೆ. ಪ್ಲಂಬರಿನದ್ದು.”

“ಕೂತ್ಕೊ ಮೊದ್ಲು.”

“ಕೂತ್ಕೊಳ್ಳಿಕ್ಕೆ ಆಗುವುದಿಲ್ಲ.”

ಅವರು ಕ್ಯಾರಿಯರ್ ಇಡಲು ಅಡುಗೆಮನೆಗೆ ಹೋದರು. ನಾನು ಬಾಗಿಲ ಹತ್ತಿರ ಹೋದೆ. ಡಬ್ಬಿಗಳ ಸಾಲಿನ ಮುಂದೆ ನಿಂತಿದ್ದರು.

“ಇದೆಂತ, ಅಂಗಡಿ ಇಡ್ತಿಯಾ?”

“ಸುಮ್ನೆ. ಆರ್ಗನೈಸ್ ಮಾಡಿದ್ದು.”

“ಇಂಗ್ಲಿಷಾ?”

“ಹೌದು.”

“ಸುಲೋಚನಾ.” ಅವರು ನನ್ನನ್ನು ಹೆಸರು ಹಿಡಿದು ಕರೆಯುವುದೇ ಅಪರೂಪ. “ಯಾವ ಡಬ್ಬಿಯಲ್ಲಿ ಎಂತ ಉಂಟು ಅಂತ ನಿಂಗೆ ಗೊತ್ತುಂಟು. ನಂಗೆ ಇಂಗ್ಲಿಷ್ ಬರುದಿಲ್ಲ. ಮತ್ತೆ ಇದು ಯಾರಿಗೆ ಬರೆದದ್ದು?”

ಅವರು ಅಡುಗೆಮನೆಯಿಂದ ಹೊರಗೆ ಬಂದು, ಹೊರಬಾಗಿಲ ಚಿಲಕ ಹಾಕಿ, ಅದರ ಪಕ್ಕದ ಮೋಡಾದ ಮೇಲೆ, ಬೆತ್ತದ ಆ ಕುಳ್ಳು ಸ್ಟೂಲಿನ ಮೇಲೆ, ಪೊಲೀಸಿನವರ ಹಾಗೆ ಕೂತರು.

“ಈಗ ಹೇಳು. ಯಾವ ನಂಬರ್?”

ಹೇಳಿದೆ. ಸರ್ಕಾರ ಕೊಟ್ಟ ನಂಬರ್ ಇತ್ತು, ಅರಸಿನ ಹಚ್ಚುವ ಕಾಗದ ಅಂತ ನಾನೇ ತೆಗೆದೆ, ಈಗ ಬೇಕು, ಇಲ್ಲ, ಇಲಿ ಇದೆ. ನಡೆಯುತ್ತಲೇ ಹೇಳಿದೆ. ಅವರು ನನ್ನನ್ನು ನಿಲ್ಲಿಸಲಿಲ್ಲ.

“ಬುದ್ಧಿವಂತೆ,” ಅಂದರು ಕೊನೆಗೆ. “ಓದಿದವರ ಬುದ್ಧಿಯೇ ಬುದ್ಧಿ.”

ಆಮೇಲೆ ಸೊಂಟದ ಚೀಲದಿಂದ ಫೋನ್ ತೆಗೆದು ಹೋಟೆಲಿನ ಕೌಂಟರಿಗೆ ಹಚ್ಚಿದರು. ನಮ್ಮ ವಾರ್ಡಿನ ಹೆಲ್ತ್ ದೀದಿ, ಡೆಂಗ್ಯೂ ಅಂತ ಮನೆಮನೆಯ ಹೂಕುಂಡ ಬಗ್ಗಿ ನೋಡುವವಳು, ಆ ಹೊತ್ತಿಗೆ ಅಲ್ಲಿ ಚಹಾ ಕುಡಿಯುತ್ತಿರುತ್ತಾಳೆ. ಕೌಂಟರಿನ ಫೋನು ಸದಾ ಸ್ಪೀಕರಿನಲ್ಲೇ ಇರುವುದು. ಅತ್ತಿಗೆ ಅವಳನ್ನು ಕರೆಸಿ, ನನ್ನ ಅಲ್ಪ ಬಂಗಾಳಿಗೂ ಅರ್ಥವಾಗುವಷ್ಟು ದೊಡ್ಡ ದನಿಯಲ್ಲಿ, ನಮ್ಮ ಮನೆಯವಳಿಗೆ ಬದುಕುವುದು ಬೇಡ ಅನ್ನಿಸಿದೆ, ಎಲ್ಲಿಗೆ ಫೋನ್ ಮಾಡಬೇಕು, ಎಲ್ಲಿಗೆ ಕರೆದುಕೊಂಡು ಹೋಗಬೇಕು, ಹೇಳು ಅಂದರು.

“ಅತ್ತಿಗೆ! ಇಡೀ ಹೋಟೆಲು ಕೇಳ್ತಾ ಉಂಟು! ಮಾನ ಹೋಯ್ತು!”

“ಹೋಗ್ಲಿ. ನೀನು ಇದ್ರೆ ಮತ್ತೆ ಸಂಪಾದನೆ ಮಾಡುವ.”

ದೀದಿ ನಂಬರ್ ಕೊಟ್ಟಳು. ಅತ್ತಿಗೆ ಒತ್ತಿ ನನ್ನ ಕೈಗೆ ಕೊಟ್ಟರು. ಆ ಕಡೆ ಎಳೆಯ ಹೆಣ್ಣುದನಿ. ಮೊದಲು ಬಂಗಾಳಿ, ಆಮೇಲೆ ಹಿಂದಿ, ನಾನು ಹಲೋ ಅಂದ ಮೇಲೆ ಇಂಗ್ಲಿಷ್. ಅಷ್ಟು ಹುಡುಕಿದ ನಂಬರ್, ಅದರ ತುದಿಯಲ್ಲಿ ಕಾಯುತ್ತಿದ್ದ ಹುಡುಗಿ, ನಾನು ಹೇಳಿದ್ದೇನು? ಐ ಆಮ್ ಪರ್ಫೆಕ್ಟ್ಲಿ ಆಲ್‌ರೈಟ್, ಜಸ್ಟ್ ಎನ್‌ಕ್ವೈರಿ ಮಾಡ್ತಾ ಇದ್ದೇನೆ, ಥ್ಯಾಂಕ್ ಯು ಸೋ ಮಚ್. ಆಫೀಸಿನ ಟೆಲಿಫೋನ್ ದನಿಯಲ್ಲಿ! ಆ ಹುಡುಗಿ ಫೋನ್ ಇಡಲಿಲ್ಲ. ನಿಮ್ಮ ಜೊತೆ ಯಾರಾದರೂ ಇದ್ದಾರಾ ಅಂತ ಕೇಳಿದಳು. ಗಂಡನ ಅಕ್ಕ ಇದ್ದಾರೆ ಅಂದೆ. ಅವರಿಗೆ ಕೊಡಬಹುದಾ ಅಂದಳು.

ಅವರಿಬ್ಬರೂ ಬಹಳ ಹೊತ್ತು ಮಾತಾಡಿದರು. ಮಧ್ಯೆ ಒಮ್ಮೆ ಅತ್ತಿಗೆ ನಕ್ಕರು ಕೂಡ. ನಾನು ಬಾಲ್ಕನಿಗೆ ಹೋಗಿ ಬಂದೆ, ಹೋಗಿ ಬಂದೆ.

“ಒಳ್ಳೆ ಹುಡುಗಿ,” ಅಂದರು ಫೋನಿಟ್ಟು. “ಬರ್ಧಮಾನದವಳಂತೆ. ಇವತ್ತು ನಿನ್ನನ್ನು ಒಬ್ಬಳನ್ನೇ ಬಿಡ್ಬಾರ್ದಂತೆ. ಮಾತ್ರೆಗೀತ್ರೆ ಎಲ್ಲ ನನ್ನ ಹತ್ರ ಇರ್ಬೇಕಂತೆ. ನಾಳೆ ಬೆಳಿಗ್ಗೆ ಔಟ್‌ಡೋರ್. ವೀಣಂಗೆ ನೀನು ಹೇಳ್ತಿಯಾ, ನಾನು ಹೇಳ್ಲಾ?”

ಅವರೇ ಹೇಳಿದರು. ಸಂಜೆಯೊಳಗೆ ವೀಣಾ ಬಂದಳು. ಬಂದವಳು ಮೊದಲು ಸಿಟ್ಟಾದಳು. ಗವರ್ನಮೆಂಟ್ ಔಟ್‌ಡೋರಾ, ಅಷ್ಟು ಜನರ ಮಧ್ಯೆ, ಅಮ್ಮನನ್ನಾ, ನಾನು ಪ್ರೈವೇಟ್ ಕ್ಲಿನಿಕ್ಕಿನಲ್ಲಿ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತೇನೆ, ಅಲ್ಲಿ ಮುಂದಿನ ವಾರ ಸಿಗುತ್ತದೆ, ಅಂದಳು.

“ಮುಂದಿನ ವಾರ ಅಂದ್ರೆ ಎಷ್ಟು ದಿನ ಮಗಾ?” ಅಂತ ಅತ್ತಿಗೆ ಕೇಳಿದರು. ಅಷ್ಟೇ ಕೇಳಿದ್ದು.

ವೀಣಾ ಅಳಲು ಶುರುಮಾಡಿದಳು. “ವೈ, ಅಮ್ಮ? ನಾನು ಏನು ಮಾಡಿದೆ? ನಾನು ಏನು ಮಾಡಲಿಲ್ಲ?” ಅವಳನ್ನು ಹಿಡಿದುಕೊಂಡು ಸಮಾಧಾನ ಮಾಡುವ ತಾಯಿ ನಾನಾಗಬೇಕಿತ್ತು. ನನಗೆ ಅವಳ ಪಕ್ಕ ಒಂದು ನಿಮಿಷ ಕೂರಲೂ ಆಗಲಿಲ್ಲ. ಅವಳ ಸುತ್ತ ನಡೆದೆ. ಈ ಕಾಯಿಲೆಯಲ್ಲಿ ನನಗೆ ಇಂದಿಗೂ ನಾಚಿಕೆ ತರುವ ಚಿತ್ರ ಅದು, ಔಟ್‌ಡೋರ್ ಅಲ್ಲ.

ಔಟ್‌ಡೋರಿನ ಬಗ್ಗೆ ಹೇಳಲೇಬೇಕು, ಯಾಕೆಂದರೆ ಜನ ಅದನ್ನು ಕಲ್ಪಿಸಿಕೊಂಡೇ ಹೆದರುತ್ತಾರೆ. ಉದ್ದನೆಯ ವರಾಂಡಾ, ಗೋಡೆಗೆ ಒತ್ತಿಟ್ಟ ಬೆಂಚು, ಒಂದು ಮೂಲೆಯಲ್ಲಿ ಟಿಕೆಟಿನ ಕಿಂಡಿ. ಟೈ ಕಟ್ಟಿದವರಿದ್ದರು, ಸಂತೆಯ ಚೀಲದವರಿದ್ದರು. ಕಾಲೇಜಿನ ಹುಡುಗಿಯೊಬ್ಬಳು ಪುಸ್ತಕ ತಲೆಕೆಳಗಾಗಿ ಹಿಡಿದು ಓದುತ್ತಿದ್ದಳು. ಯಾರೂ ಯಾರನ್ನೂ ನಿಮಗೆ ಏನು ಅಂತ ಕೇಳುವುದಿಲ್ಲ. ನಿಮ್ಮದು ಎಷ್ಟನೇ ನಂಬರ್ ಅಂತ ಮಾತ್ರ ಕೇಳುತ್ತಾರೆ. ನನಗೆ ಕೂರಲು ಆಗದ್ದನ್ನು ನೋಡಿ ಪಕ್ಕದ ಬಂಗಾಳಿ ಹೆಂಗಸು ಅತ್ತಿಗೆಯ ಕೊಡೆಯನ್ನು ತೆಗೆದುಕೊಂಡು ನನ್ನ ಜಾಗದಲ್ಲಿ ಇಟ್ಟಳು. ಈ ಊರಿನ ಲೈನಿನಲ್ಲಿ ಅದೊಂದು ಕಾನೂನು: ಕೊಡೆ ಇದ್ದರೆ ಮನುಷ್ಯ ಇದ್ದ ಹಾಗೆ. ಅಂದು ಎರಡು ಗಂಟೆ ನಾನು ವರಾಂಡದಲ್ಲಿ ನಡೆದೆ, ನನ್ನ ಪರವಾಗಿ ಕೊಡೆ ಕೂತಿತ್ತು. ನನ್ನ ಹಾಗೇ ನಡೆಯುವವರು ಇನ್ನಿಬ್ಬರು ಇದ್ದರು. ಎದುರು ಸಿಕ್ಕಾಗ ನಾವು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟೆವು, ಬೆಳಗಿನ ವಾಕಿಂಗಿನವರ ಹಾಗೆ. ಇಷ್ಟು ದಿನ ಭೂಮಿಯ ಮೇಲೆ ಹೀಗೆ ನಡೆಯುವವಳು ನಾನೊಬ್ಬಳೇ ಅಂದುಕೊಂಡಿದ್ದೆ.

ಡಾಕ್ಟರ್ ಚಿಕ್ಕ ವಯಸ್ಸಿನವಳು, ಕಣ್ಣ ಕೆಳಗೆ ಕಪ್ಪು. ಏನು ತೊಂದರೆ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

“ಎ ಲಿಟಲ್ ಸ್ಲೀಪ್‌ಲೆಸ್‌ನೆಸ್, ಡಾಕ್ಟರ್. ಅದರ್‌ವೈಸ್ ಐ ಆಮ್ ಕ್ವೈಟ್ ವೆಲ್, ಥ್ಯಾಂಕ್ ಯು.”

ವೀಣಾ ನನ್ನ ಮುಖ ನೋಡಿದಳು. ಅತ್ತಿಗೆ ಮೇಜಿನ ಕಡೆಗೆ ಬಗ್ಗಿದರು. “ಡಾಕ್ಟರ್ ದೀದಿ, ಓ ಮಿಥ್ಯೆ ಬೋಲ್ಛೆ.” ಇವಳು ಸುಳ್ಳು ಹೇಳ್ತಾ ಇದ್ದಾಳೆ. ಆಮೇಲೆ ಡಬ್ಬಿಗಳ ವಿಷಯ, ಬೀಗದ ಕೈಯ ವಿಷಯ, ದಾಸ್‌ಬಾಬುವಿನ ಕೋಲಿನ ವಿಷಯ, ಎಲ್ಲ ಹೇಳಿದರು. ಅಲಂಕಾರ ಇಲ್ಲ, ಅಳು ಇಲ್ಲ, ದಿನಸಿ ಪಟ್ಟಿ ಓದಿದ ಹಾಗೆ.

ಡಾಕ್ಟರ್ ಪೆನ್ ಕೆಳಗಿಟ್ಟು ನನ್ನನ್ನೇ ಕೇಳಿದಳು, ಜೀವ ಕಳೆದುಕೊಳ್ಳಬೇಕು ಅನ್ನಿಸುತ್ತಿದೆಯಾ ಅಂತ. ಅಷ್ಟು ನೇರವಾಗಿ. ಆ ಪ್ರಶ್ನೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಅನ್ನುತ್ತಾರಲ್ಲ, ಹಾಗಲ್ಲ. ಎದೆಯ ಮೇಲೆ ಕೂತಿದ್ದ ಏನೋ ಒಂದು ಸ್ವಲ್ಪ ಸರಿದು ಕೂತ ಹಾಗಾಯಿತು.

ನಾನು ಅತ್ತಿಗೆಯ ಕಡೆ ತಿರುಗಿ, “ಹೌದು ಅಂತ ಹೇಳಿ,” ಅಂದೆ.

“ನಿಂಗೆ ಬಾಯಿ ಇಲ್ವಾ? ನೀನೇ ಹೇಳು.”

“ಯೆಸ್,” ಅಂದೆ. ಹಿಂದೆ ಥ್ಯಾಂಕ್ ಯು ಇಲ್ಲದ ನನ್ನ ಮೊದಲ ಇಂಗ್ಲಿಷ್ ಮಾತು ಅದು.

ಡಿಪ್ರೆಶನ್, ವಯಸ್ಸಾದವರಲ್ಲಿ ಹೀಗೆ ಕಾಲಿನಲ್ಲಿ ಕಾಣಿಸಿಕೊಳ್ಳುವುದೂ ಉಂಟು, ವಾಸಿಯಾಗುತ್ತದೆ, ಆದರೆ ಬೇಗ ಅಲ್ಲ, ಅಂದಳು. ಯಾಕೆ ಬಂತು ಅಂತ ಅವಳು ಕೇಳಲಿಲ್ಲ, ಯಾವಾಗಿನಿಂದ ಅಂತ ಕೇಳಿದಳು. ಆ ಒಂದು ಕಾರಣಕ್ಕೆ ಅವಳಿಗೆ ನನ್ನ ನಮಸ್ಕಾರ.

ಮಾತ್ರೆ ಶುರುವಾದ ಮೇಲೆ ಸಿನಿಮಾದ ಹಾಗೆ ಏನೂ ಆಗಲಿಲ್ಲ. ಮೊದಲ ಮಾತ್ರೆಯಿಂದ ಕಾಲಿನ ಚಡಪಡಿಕೆ ಹೆಚ್ಚಾಯಿತು. ಹಾಗೆ ಆದರೆ ಬಿಟ್ಟುಬಿಡಬೇಡಿ, ಬಂದು ಹೇಳಿ ಅಂದಿದ್ದರು. ಹೋಗಿ ಹೇಳಿದೆವು, ಬದಲಿಸಿದರು. ಅತ್ತಿಗೆ ಹೋಟೆಲನ್ನು ಕೆಲಸದವರಿಗೆ ಬಿಟ್ಟು ನನ್ನ ಮನೆಯಲ್ಲೇ ಉಳಿದರು. ಹೊರಬಾಗಿಲಿಗೆ ಅಡ್ಡವಾಗಿ ಮಂಚ ಹಾಕಿಸಿದರು. ಮಾತ್ರೆಯ ಪಟ್ಟಿ ಅವರ ಸೊಂಟದ ಚೀಲದಲ್ಲಿ, ಎಲೆ-ಅಡಿಕೆಯ ಜೊತೆ. ಹೊತ್ತಿಗೆ ಸರಿಯಾಗಿ ಒಂದು ತೆಗೆದು, “ಬಾಯಿ ತೆರಿ, ರಾಣಿ,” ಅನ್ನುತ್ತಿದ್ದರು.

ಸಂಜೆ ನನ್ನನ್ನು ಟೆರೇಸಿಗೆ ಎಳೆದುಕೊಂಡು ಹೋಗುತ್ತಿದ್ದರು. ನಡೆಯುವುದೇ ಆದರೆ ದಾಸ್‌ಬಾಬುವಿನ ತಲೆಯ ಮೇಲೆ ಯಾಕೆ, ಆಕಾಶದ ಕೆಳಗೆ ನಡಿ ಅಂತ. ನನ್ನ ಜೊತೆ ತಾವೂ ನಡೆಯುತ್ತಿದ್ದರು, ಮಂಡಿಗೆ ಶಾಪ ಹಾಕುತ್ತ. ಜನವರಿಯ ಒಂದು ಸಂಜೆ, ಪಕ್ಕದ ಮನೆಯವರು ಬೇಳೆಯ ಸಂಡಿಗೆ ಒಣಹಾಕಿದ್ದ ಬಟ್ಟೆಯನ್ನು ಬಳಸಿಕೊಂಡು ಹೋಗುವಾಗ ಹೇಳಿದರು:

“ಅಮ್ಮನೂ ಹೀಗೇ ನಡೀತಿದ್ರು.”

“ಯಾರ ಅಮ್ಮ?”

“ನಮ್ಮ ಅಮ್ಮ. ನಿನ್ನ ಅತ್ತೆ. ನೀನು ನೋಡಿದ್ದಿಲ್ಲ.”

“ಅವರು ಜ್ವರ ಬಂದು ಹೋದದ್ದು ಅಲ್ವಾ?”

“ಜ್ವರ ಅಂತ ದೊಡ್ಡವರು ಹೇಳಿದ್ದು. ಜ್ವರ ಇರ್ಲಿಲ್ಲ. ಹಣೆ ಮುಟ್ಟಿದ್ದೇನೆ ನಾನು.”

ನಾವು ನಡೆಯುವುದನ್ನು ನಿಲ್ಲಿಸಲಿಲ್ಲ. ನಿಂತಿದ್ದರೆ ಅವರು ಹೇಳುತ್ತಿರಲಿಲ್ಲ ಅನ್ನಿಸುತ್ತದೆ.

“ನಂಗೆ ಆಗ ಹನ್ನೊಂದು. ಜಗಲಿಯಲ್ಲಿ ಆ ಕಡೆ, ಈ ಕಡೆ, ಇಡೀ ದಿನ. ಎಂತ ಅಮ್ಮ ಅಂತ ಕೇಳಿದೆ. ಯಾರಿಗೂ ಹೇಳ್ಬೇಡ ಮಗಾ ಅಂದ್ರು. ನಾನು ಹೇಳ್ಲಿಲ್ಲ. ಒಳ್ಳೆ ಹುಡುಗಿ ಅಲ್ವಾ ನಾನು?” ಸ್ವಲ್ಪ ದೂರ ಹೋದ ಮೇಲೆ, “ಅವತ್ತು ನಿನ್ನ ಮೆಟ್ಟಿಲಿನಲ್ಲಿ ಮಂಡಿ ನೋವು ಅಂತ ನಿಂತೆ. ಮೇಲೆ ನಿನ್ನ ಕಾಲಿನ ಸದ್ದು ಕೇಳಿತು. ಅದೇ,” ಅಂದರು.

“ನಿಮ್ಮ ತಮ್ಮನಿಗೆ ಇದೆಲ್ಲ ಗೊತ್ತಿತ್ತಾ?”

“ಅವ ಸಣ್ಣವ. ಅವನಿಗೆ ಜ್ವರವೇ.”

ನಲವತ್ತು ಚಿಲ್ಲರೆ ವರ್ಷ ಆ ಮನುಷ್ಯನ ಜೊತೆ ಬದುಕಿದೆ. ವರ್ಷಕ್ಕೊಮ್ಮೆ ಅಮ್ಮನ ಶ್ರಾದ್ಧದ ದಿನ, ಜ್ವರಕ್ಕೆ ಆಗ ಒಳ್ಳೆಯ ಔಷಧಿ ಇರಲಿಲ್ಲ ಅಂತ ಹೇಳುತ್ತಿದ್ದರು. ಅರಸಿನದ ಕಾಗದದಿಂದ ಶಬ್ದ ತೆಗೆದವಳು ನಾನು ಮೊದಲಿನವಳಲ್ಲ ಅಂತ ಆ ಸಂಜೆ ಗೊತ್ತಾಯಿತು.

ಸುಧಾರಿಸಿದ್ದು ಯಾವ ದಿನ ಅಂತ ಹೇಳಲಾರೆ. ಒಂದು ಬೆಳಿಗ್ಗೆ ಅತ್ತಿಗೆ ಡಿಕಾಕ್ಷನ್ ಇಳಿಸುವಾಗ ವಾಸನೆ ಬಂತು. ಇನ್ನೊಂದು ದಿನ ನೋಡಿದರೆ ಇಡೀ ಲೋಟ ಕೂತೇ ಕುಡಿದಿದ್ದೆ. ಮಧ್ಯೆ ಹಿಂದಕ್ಕೆ ಬಿದ್ದ ವಾರಗಳೂ ಇದ್ದವು. ಈಗಲೂ ಒಂದು ಮಾತ್ರೆ ಇದೆ. ಈಗಲೂ ಬಿದಿರು ಬಿಚ್ಚುವ ವಾರ ಬಂದರೆ ವೀಣಾ ದಿನಕ್ಕೆರಡು ಸಲ ಫೋನ್ ಮಾಡುತ್ತಾಳೆ, ನಾನು ನಿಜ ಹೇಳುತ್ತೇನೆ. ಹೇಗಿದ್ದೀಯ ಅಮ್ಮ? ಇವತ್ತು ಚೆನ್ನಾಗಿಲ್ಲ. ಅವಳು ಬಸ್ಸು ಹತ್ತುತ್ತಾಳೆ.

ಮುಂದಿನ ಚೌತಿಯ ಸಂಚಿಕೆಯಲ್ಲಿ ಆ ನಾಲ್ಕು ಸಾಲು ಮೊದಲ ಪುಟದಲ್ಲೇ ಹೋಯಿತು. ಇಬ್ಬರು ಹಿರಿಯರು ಗೊಣಗಿದರು. ಹಬ್ಬದ ಮಾರನೆಯ ದಿನ ಒಬ್ಬಳು ನನ್ನ ಮನೆಗೆ ಫೋನ್ ಮಾಡಿ, ಹೆಸರು ಹೇಳದೆ, “ಆ ನಂಬರ್ ಸರಿ ಉಂಟಾ? ನಿಜವಾಗಿ ಎತ್ತುತ್ತಾರಾ?” ಅಂತ ಕೇಳಿದಳು. ಎತ್ತುತ್ತಾರೆ, ನಿಮ್ಮ ಬಾಯಿಂದ ಸುಳ್ಳು ಬಂದರೂ ಇಡುವುದಿಲ್ಲ ಅಂದೆ. ಇದನ್ನು ಓದುವವರಿಗೂ ನನಗೆ ಹೇಳಲು ಇರುವುದು ಅಷ್ಟೇ.

ಆ ಸಂಚಿಕೆಯನ್ನು ರುಕ್ಮಿಣಿ ಅತ್ತಿಗೆ ನೋಡಲಿಲ್ಲ. ಆ ವರ್ಷದ ಏಪ್ರಿಲಿನಲ್ಲಿ ಅವರು ಊರಿನ ಒಂದು ಮದುವೆಗೆ ಹೋದರು. ಮದುವೆ ಮುಗಿದ ಮೂರನೆಯ ದಿನ, ಊಟ ಮಾಡಿ ಮಧ್ಯಾಹ್ನ ಮಲಗಿದವರು ಏಳಲಿಲ್ಲ.

ನಾನು ಅವರನ್ನು ಕಡೆಯ ಸಲ ನೋಡಿದ್ದು ಔಟ್‌ಡೋರಿನಲ್ಲಿ, ಅವರ ರೈಲಿನ ಹಿಂದಿನ ದಿನ. ನನ್ನದು ತಿಂಗಳ ಭೇಟಿ. ಪೆಟ್ಟಿಗೆ ಕಟ್ಟುವುದು ಬಿಟ್ಟು ಬರುವುದು ಬೇಡ ಅಂದರೂ ಬಂದಿದ್ದರು. ವರಾಂಡದಲ್ಲಿ ಸುಮಾರು ಮೂವತ್ತರ ಒಬ್ಬ ಹೆಂಗಸು ಟಿಕೆಟನ್ನು ಮುಷ್ಟಿಯಲ್ಲಿ ಮುದುಡಿಕೊಂಡು ಒಂದೇ ಸಮನೆ ನಡೆಯುತ್ತಿದ್ದಳು. ಜೊತೆಗೆ ಯಾರೂ ಇರಲಿಲ್ಲ. ಒಮ್ಮೆ ಗೇಟಿನವರೆಗೂ ಹೋಗಿ ಬಂದಳು. ನನ್ನ ನಂಬರ್ ಕೂಗಿದಾಗ ಅತ್ತಿಗೆ ಏಳಲಿಲ್ಲ. ಅವಳನ್ನೇ ನೋಡುತ್ತಿದ್ದರು.

“ನೀನು ಹೋಗು. ಒಬ್ಬಳೇ ಹೇಳ್ಲಿಕ್ಕೆ ಬರ್ತದಲ್ಲ ಈಗ.”

ಒಳಗೆ ಹೋದೆ. ಈ ತಿಂಗಳು ಎರಡು ಸಲ ಆ ಯೋಚನೆ ಬಂತು, ಬಂದು ಹೋಯಿತು, ಅಂತ ಡಾಕ್ಟರಿಗೆ ಹೇಳಿದೆ. ಅವಳು ಬರೆದುಕೊಂಡಳು. ಹೊರಗೆ ಬಂದರೆ ನಮ್ಮ ಬೆಂಚು ಖಾಲಿ. ಅತ್ತಿಗೆ ಆ ಹೆಂಗಸಿನ ಪಕ್ಕದಲ್ಲಿ, ಅವಳ ಮೊಣಕೈ ಹಿಡಿದು, ವರಾಂಡದ ಉದ್ದಕ್ಕೂ ನಡೆಯುತ್ತಿದ್ದರು. ಮಂಡಿಯ ಬಗ್ಗೆ ಬಂಗಾಳಿಯಲ್ಲಿ ಬೈಯುತ್ತಿದ್ದರು. ನನ್ನ ಹತ್ತಿರ ಬಂದಾಗ ನಿಲ್ಲದೆಯೇ ಕೇಳಿದರು:

“ಎಲ್ಲ ಹೇಳಿದ್ಯಾ?”

“ಹೇಳಿದೆ.”

“ಹಾಗಾದ್ರೆ ಮನೆಗೆ ಹೋಗು. ಇವಳ ನಂಬರ್ ಇನ್ನೂ ಬರ್ಲಿಲ್ಲ.”

ದಾಟಿ ಹೋದರು. ನಾನು ಸ್ವಲ್ಪ ಹೊತ್ತು ನಿಂತಿದ್ದೆ. ಆ ತುದಿಯಲ್ಲಿ ಇಬ್ಬರೂ ಒಟ್ಟಿಗೆ ತಿರುಗುತ್ತಿದ್ದರು. ಅವರು ಈ ಕಡೆ ಬರುವವರೆಗೆ ಕಾಯದೆ, ನಾನು ಗೇಟು ದಾಟಿ ಬಸ್ಸು ಹತ್ತಿದೆ.